ನಾಲ್ಕೂವರೆ ಕೋಟಿಯಲ್ಲಿ ಸೋರುವ ಸೂರಿಗೆ ಎಷ್ಟು?

ಪ್ರಶ್ನೆ: ನಾವು ಬೆಂಗಳೂರಿನ ಬಸವನಗುಡಿ ಕಡೆಯವರು. ಮನೆ ಹತ್ತಿರ ಒಂದು ಹಳೇ ಸರ್ಕಾರಿ ಕಚೇರಿ ಇದೆ. ಮುಂದಿನ ಭಾಗ ಕಲ್ಲಿನ ಗೋಡೆಯದು, ಸ್ವಾತಂತ್ರ್ಯಕ್ಕೂ ಮುಂಚಿನದು. ಹಿಂದುಗಡೆ ಎಪ್ಪತ್ತರ ದಶಕದಲ್ಲಿ ಸೇರಿಸಿದ ಎರಡು ಅಂತಸ್ತಿನ ಕಾಂಕ್ರೀಟ್ ಭಾಗ. ಈಗ ‘ನವೀಕರಣ ಕಾಮಗಾರಿ, ಅಂದಾಜು ಮೊತ್ತ 4.5 ಕೋಟಿ ರೂ.’ ಅಂತ ಗೇಟಿಗೆ ಬೋರ್ಡ್ ಹಾಕಿದ್ದಾರೆ. ರಸ್ತೆ ಗುಂಡಿ ಮುಚ್ಚೋಕೆ ದುಡ್ಡಿಲ್ಲ ಅನ್ನುವವರು ಇದಕ್ಕೆ ಎಲ್ಲಿಂದ ತಂದರು? ನಮ್ಮ ನಿವಾಸಿಗಳ ಸಂಘದಲ್ಲಿ ಅರ್ಧ ಜನ ಇದು ದುಂದುವೆಚ್ಚ, ತಡೆಯಬೇಕು ಅನ್ನುತ್ತಾರೆ. ಇನ್ನರ್ಧ ಜನ ಪೂರ್ತಿ ಕೆಡವಿ ಹೊಸದು ಕಟ್ಟಲಿ ಅನ್ನುತ್ತಾರೆ. ಮುಂದಿನ ವಾರ ಸಭೆ ಇದೆ. ತೆರಿಗೆ ಕಟ್ಟುವ ನಾವು ಇದನ್ನು ಅಳೆಯುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಮನಸ್ಸಿಗೆ ಬಂದದ್ದು ಇದು: ಸಂಘದ ಎರಡು ಗುಂಪಿನವರಲ್ಲಿ ಯಾರಾದರೂ ಆ ಕಾಮಗಾರಿಯ ಎಸ್ಟಿಮೇಟ್, ಅಂದರೆ ಯಾವ ಕೆಲಸಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ಅಂದಾಜು ಪಟ್ಟಿ, ನೋಡಿದ್ದಾರಾ? ಗೇಟಿನ ಬೋರ್ಡ್ ಮೇಲಿರುವುದು ಬರೀ ಒಟ್ಟು ಮೊತ್ತ. ಮದುವೆಗೆ ಒಟ್ಟು ಎಷ್ಟು ಖರ್ಚಾಯಿತು ಅಂತ ಕೇಳಿಸಿಕೊಂಡು ಊಟ ಹೇಗಿತ್ತು ಅಂತ ಹೇಳೋಕಾಗುತ್ತಾ? 4.5 ಕೋಟಿ ಜಾಸ್ತಿಯೋ ಕಡಿಮೆಯೋ ಅಂತ ನಾನು ಇಲ್ಲಿ ಕೂತು ತೀರ್ಪು ಕೊಟ್ಟರೆ ಅದು ಸುಮ್ನೆ ಬಾಯಿಮಾತಾಗುತ್ತದೆ. ಆದರೆ ಆ ದುಡ್ಡು ಕಟ್ಟಡದ ಯಾವ ಭಾಗಕ್ಕೆ ಹೋಗುತ್ತಿದೆ ಅನ್ನುವುದನ್ನು ನೀವೇ ಅಳೆಯಬಹುದು. ಅದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳ ರಿಪೇರಿಯಲ್ಲೇ ಕಳೆದವನು ನಾನು. ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಒಂದು ಹಳೇ ಕಚೇರಿಯ ರಿಪೇರಿಗೆ ಹಾಕಿದ್ದರು. ಅಲ್ಲಿನ ದಾಖಲೆ ಕೋಣೆಯ ಒಂದು ಗೋಡೆ ಯಾವಾಗಲೂ ಒದ್ದೆ. ಪ್ರತಿ ವರ್ಷ ಬಣ್ಣ ಹೊಡೆಯುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಗೋಡೆಗೆ ತಾಗಿಸಿ ಇಟ್ಟ ಕಡತಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಯಾರದೋ ಜಮೀನಿನ ಪತ್ರ, ಯಾರದೋ ಪಿಂಚಣಿ ಕಾಗದ. ನಾನು ಗೋಡೆಯನ್ನೇ ನೋಡುತ್ತಾ ನಿಂತಿದ್ದೆ. ಜೊತೆಗಿದ್ದ ಮೇಸ್ತ್ರಿ ‘ಸಾರ್, ಮೇಲೆ ಬನ್ನಿ’ ಅಂತ ಏಣಿ ಹತ್ತಿಸಿದರು. ತಾರಸಿಯ ಮೂಲೆಯಲ್ಲಿ ಮಳೆನೀರು ಇಳಿಯುವ ಪೈಪಿನ ಬಾಯಿಗೆ ಒಂದು ಅರಳಿ ಗಿಡ ಹುಟ್ಟಿಕೊಂಡಿತ್ತು. ಮೊಣಕೈ ಉದ್ದ ಇರಬಹುದು. ಅದರ ಬೇರು ಪೈಪಿನೊಳಗೆ ಜಡೆಯ ಹಾಗೆ ಇಳಿದಿತ್ತು. ತಾರಸಿ ಮೇಲೆ ನಿಂತ ನೀರು ಬೇರೆ ದಾರಿ ಕಾಣದೆ ಗೋಡೆಯೊಳಗೆ ಇಳಿಯುತ್ತಿತ್ತು. ಗಿಡ ಕಿತ್ತು, ಪೈಪ್ ಬದಲಾಯಿಸಿ, ಮೂಲೆಗೆ ಇಳಿಜಾರು ಕೊಟ್ಟು ಗಾರೆ ಹಾಕಲು ಎರಡು ದಿನ ಸಾಕಾಯಿತು.

ಕೆಲವು ವರ್ಷ ಬಿಟ್ಟು ಮತ್ತೆ ಅದೇ ಕಚೇರಿಗೆ ಹೋಗಿದ್ದೆ. ಪೈಪಿನ ಬಾಯಲ್ಲಿ ಮತ್ತೊಂದು ಗಿಡ. ಕೆಳಗೆ ದಾಖಲೆ ಕೋಣೆಗೆ ಹೊಸ ಫಾಲ್ಸ್ ಸೀಲಿಂಗ್ ಹಾಕಿಸಿದ್ದರು, ಸೋರಿದ ಕಲೆ ಯಾರಿಗೂ ಕಾಣದ ಹಾಗೆ. ಅವತ್ತು ನನಗಾದ ಹೊಟ್ಟೆ ಉರಿ ಇವತ್ತಿಗೂ ಆರಿಲ್ಲ.

ಅದಕ್ಕೇ ನಿಮಗೆ ಹೇಳುವ ಮೊದಲ ಮಾತು: ಎಸ್ಟಿಮೇಟ್ ಕೈಗೆ ಸಿಕ್ಕ ತಕ್ಷಣ ನೀರಿಗೆ ಸಂಬಂಧಪಟ್ಟ ಐಟಂಗಳನ್ನು ಹುಡುಕಿ. ತಾರಸಿ, ಇಳಿಜಾರು, ಮಳೆನೀರಿನ ಪೈಪು, ಶೌಚಾಲಯದ ಕೊಳಾಯಿ, ಕಟ್ಟಡದ ಸುತ್ತಲಿನ ಚರಂಡಿ. ಇವಕ್ಕೆಲ್ಲ ಒಂದು ಬಣ್ಣದ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಕಣ್ಣಿಗೆ ಕಾಣುವ ಐಟಂಗಳಿಗೆ ಇನ್ನೊಂದು ಬಣ್ಣ ಹಾಕಿ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಫಾಲ್ಸ್ ಸೀಲಿಂಗ್, ಮುಂಭಾಗಕ್ಕೆ ಹೊಳೆಯುವ ಅಲ್ಯೂಮಿನಿಯಂ ಶೀಟು, ಅಧಿಕಾರಿಯ ಕೊಠಡಿಯ ಮರದ ಪ್ಯಾನೆಲಿಂಗ್. ಎರಡನ್ನೂ ಕೂಡಿಸಿ. ನಾನು ಕಂಡ ಬಹಳಷ್ಟು ನವೀಕರಣಗಳಲ್ಲಿ ಎರಡನೇ ಮೊತ್ತವೇ ದೊಡ್ಡದಿತ್ತು. ಸೂರು ಸೋರುವ ಮನೆಗೆ ಯಾರಾದರೂ ಮೊದಲು ಸೋಫಾ ತರುತ್ತಾರಾ? ಸರ್ಕಾರದ ದುಡ್ಡಾದರೆ ತರುತ್ತಾರೆ. ಯಾಕೆಂದರೆ ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವವರಿಗೆ ಸೋಫಾ ಕಾಣುತ್ತದೆ, ತಾರಸಿಯ ಮೂಲೆ ಕಾಣುವುದಿಲ್ಲ.

ಇನ್ನು ನಿಮ್ಮ ಕಟ್ಟಡದ ಎರಡು ಭಾಗಗಳ ವಿಷಯ. ಇವುಗಳ ಕಾಯಿಲೆ ಬೇರೆ, ಮದ್ದೂ ಬೇರೆ. ಎಸ್ಟಿಮೇಟ್‌ನಲ್ಲಿ ಎರಡಕ್ಕೂ ಒಂದೇ ಮದ್ದು ಬರೆದಿದ್ದರೆ ಅಲ್ಲೇ ಅನುಮಾನ ಪಡಿ.

ಮುಂದಿನ ಕಲ್ಲಿನ ಭಾಗ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಿರಬೇಕು. ಬೆಂಗಳೂರಿನ ಆ ಕಾಲದ ಕಟ್ಟಡಗಳು ಹೆಚ್ಚಾಗಿ ಹಾಗೇ ಇವೆ. ಸುಣ್ಣದ ಗಾರೆ ಮೆತ್ತಗಿರುತ್ತದೆ, ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ನೆಲದಿಂದ ಮೇಲೇರುವ ತೇವ ಹೀಗೇ ದಾರಿ ಮಾಡಿಕೊಂಡು ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಆ ದಾರಿ ಮುಚ್ಚಿತು. ತೇವ ಒಳಗೇ ಉಳಿಯುತ್ತದೆ, ಜೊತೆಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟುತ್ತದೆ. ಎರಡು ಮೂರು ಮಳೆಗಾಲದಲ್ಲಿ ಗೋಡೆಯ ಮೇಲೆ ಬಿಳಿ ಹೂವು ಎದ್ದ ಹಾಗೆ ಕಾಣುತ್ತದೆ, ಬಣ್ಣ ಉದುರುತ್ತದೆ, ಕಲ್ಲುಗಳ ನಡುವಿನ ಸುಣ್ಣದ ಗಾರೆಯೂ ಪುಡಿಯಾಗಿ ಕೈಗೆ ಬರುತ್ತದೆ. ‘ಹಳೇ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡುವುದು’ ಅನ್ನುವ ಒಂದು ಸಾಲು ಎಸ್ಟಿಮೇಟ್‌ನಲ್ಲಿ ಇದೆಯಾ ನೋಡಿ. ಇದ್ದರೆ ನೂರು ವರ್ಷ ಬಾಳಬಹುದಾದ ಗೋಡೆಗೆ ನಿಮ್ಮ ದುಡ್ಡಿನಲ್ಲೇ ಕಾಯಿಲೆ ತರಿಸುತ್ತಿದ್ದಾರೆ ಅಂತ ಅರ್ಥ. ಇದಕ್ಕೆ ದುರುದ್ದೇಶವೇ ಇರಬೇಕು ಅಂತಿಲ್ಲ. ಸುಣ್ಣದ ಕೆಲಸ ನಿಧಾನ. ಅರೆಯಬೇಕು, ಕೊಳೆಸಬೇಕು, ತೆಳ್ಳಗೆ ಪದರ ಪದರವಾಗಿ ಬಳಿಯಬೇಕು, ಒಣಗಲು ಬಿಡಬೇಕು. ಆ ಕೈ ಇರುವ ಕೆಲಸಗಾರರು ಕಡಿಮೆಯಾಗಿದ್ದಾರೆ. ಗುತ್ತಿಗೆದಾರರಿಗೆ ಸಿಮೆಂಟ್ ಸುಲಭ.

ಸೂರು ಮದ್ರಾಸ್ ತಾರಸಿ ಆಗಿದ್ದರೆ, ಅಂದರೆ ಒತ್ತೊತ್ತಾಗಿ ಮರದ ತೊಲೆ ಹಾಕಿ ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿದ್ದರೆ, ಇನ್ನೊಂದು ವಿಷಯ ಕೇಳಬೇಕು. ಸೋರಿದಾಗಲೆಲ್ಲ ಹಳೆಯದರ ಮೇಲೇ ಒಂದೊಂದು ಪದರ ಕಾಂಕ್ರೀಟ್ ಸುರಿದುಕೊಂಡು ಬಂದಿದ್ದಾರಾ? ಹೀಗೆ ಮಾಡಿದಷ್ಟೂ ತೊಲೆಗಳ ಮೇಲೆ ಭಾರ ಏರುತ್ತದೆ. ಮೊದಲು ಆ ಭಾರ ಇಳಿಸಬೇಕು. ತೊಲೆಯ ತುದಿ ಗೋಡೆಯೊಳಗೆ ಕೂತ ಜಾಗದಲ್ಲಿ ಗೆದ್ದಲು ಹಿಡಿದಿದೆಯಾ, ಕೊಳೆತಿದೆಯಾ ಅಂತ ಚುಚ್ಚಿ ನೋಡಬೇಕು. ಇದೆಲ್ಲ ಕಟ್ಟಡದ ಸ್ಥಿತಿ ವರದಿಯಲ್ಲಿ ಬರೆದಿರಬೇಕು.

ಹಿಂದಿನ ಕಾಂಕ್ರೀಟ್ ಭಾಗ ವಯಸ್ಸಿನಲ್ಲಿ ಚಿಕ್ಕದು, ಆದರೆ ನನಗೆ ಅದರ ಚಿಂತೆಯೇ ಜಾಸ್ತಿ. ಹೊಸ ಕಾಂಕ್ರೀಟಿನಲ್ಲಿ ಕ್ಷಾರದ ಗುಣ ಇರುತ್ತದೆ, ಅದು ಒಳಗಿನ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷಕ್ಕೂ ಒಳಗೊಳಗೆ ಇಳಿದು ಆ ಗುಣವನ್ನು ತೆಗೆದುಬಿಡುತ್ತದೆ. ಆಮೇಲೆ ತೇವ ಸಿಕ್ಕರೆ ಸಾಕು, ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಅದು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಶೌಚಾಲಯದ ಕೆಳಗಿನ ಸೂರಿನಲ್ಲಿ ಚಕ್ಕೆ ಉದುರಿ ಕಂಬಿ ಕಾಣುವುದು ಇದೇ ಕಾರಣಕ್ಕೆ.

ಇದನ್ನು ಪತ್ತೆ ಹಚ್ಚಲು ಒಂದು ಸರಳ ಪರೀಕ್ಷೆ ಇದೆ. ಕಂಬದಲ್ಲಿ ಸಣ್ಣ ತೂತು ಕೊರೆದು, ಧೂಳು ಊದಿ, ಫೀನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಕಾಂಕ್ರೀಟ್ ಚೆನ್ನಾಗಿದ್ದರೆ ಆ ಜಾಗ ತಕ್ಷಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಹೋಗಿದ್ದರೆ ಬಣ್ಣವೇ ಬರುವುದಿಲ್ಲ. ಮೇಲ್ಮೈಯಿಂದ ಎಷ್ಟು ಆಳದವರೆಗೆ ಬಣ್ಣ ಬರಲಿಲ್ಲ ಅಂತ ಸ್ಕೇಲ್ ಹಿಡಿದು ಅಳೆದುಕೊಳ್ಳುತ್ತಾರೆ. ಆ ಆಳ ಕಂಬಿಯವರೆಗೆ ಮುಟ್ಟಿದೆಯಾ ಅನ್ನುವುದೇ ಪ್ರಶ್ನೆ. ಇದರ ಜೊತೆಗೆ ಬಡಿದು ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಶಬ್ದದ ಅಲೆ ಹಾಯಿಸಿ ಒಳಗಿನ ಸ್ಥಿತಿ ನೋಡುವ ಅಲ್ಟ್ರಾಸಾನಿಕ್, ಕಾಂಕ್ರೀಟಿನ ಒಂದು ತುಂಡು (ಕೋರ್) ಕೊರೆದು ತೆಗೆದು ಒತ್ತುವ ಪರೀಕ್ಷೆಗಳೂ ಇವೆ. ಕೋಟಿಗಟ್ಟಲೆ ಕೆಲಸದಲ್ಲಿ ಇವುಗಳ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಎಷ್ಟೋ ಕಡೆ ಇವನ್ನು ಮಾಡಿಸದೆಯೇ ಎಸ್ಟಿಮೇಟ್ ತಯಾರಾಗುತ್ತದೆ. ರಕ್ತಪರೀಕ್ಷೆ ಇಲ್ಲದೆ ಆಪರೇಷನ್ ಮಾಡಿದ ಹಾಗೆ.

ಕೆಡವಬೇಕೋ ಉಳಿಸಬೇಕೋ ಅನ್ನುವ ನಿಮ್ಮ ಸಂಘದ ಜಗಳಕ್ಕೆ ಉತ್ತರ ಈ ಪರೀಕ್ಷೆಗಳಲ್ಲೇ ಇದೆ. ಕಾಂಕ್ರೀಟ್ ಭಾಗದ ಕಂಬಗಳೇ ಕೆಟ್ಟಿವೆ, ರಿಪೇರಿಗೆ ಹೊಸದರ ಹತ್ತಿರ ಹತ್ತಿರ ಖರ್ಚಾಗುತ್ತದೆ ಅಂತ ವರದಿ ಹೇಳಿದರೆ, ಆ ಭಾಗ ಕೆಡವುವುದೇ ಸರಿ. ಅದಕ್ಕೆ ನನ್ನ ತಕರಾರಿಲ್ಲ. ಕಲ್ಲಿನ ಭಾಗ ಕೆಡವುವ ಮಾತು ಬಂದರೆ ಮಾತ್ರ ಖಂಡಿತ ಎದ್ದು ನಿಲ್ಲಿ. ವಿಧಾನಸೌಧದ ಎದುರಿಗೆ ಹೈಕೋರ್ಟ್ ಇರುವ ಕೆಂಪು ಕಟ್ಟಡ ನೋಡಿದ್ದೀರಲ್ವಾ? 1868ರಲ್ಲಿ ಮುಗಿದದ್ದು. ಹದಿನೆಂಟು ಇಲಾಖೆ ಇದ್ದದ್ದಕ್ಕೆ ಅಠಾರಾ ಕಚೇರಿ ಅಂತ ಹೆಸರು ಬಂತು. 1980ರ ದಶಕದ ಆರಂಭದಲ್ಲಿ ಸರ್ಕಾರ ಅದನ್ನು ಕೆಡವಲು ಹೊರಟಿತ್ತು. ಜನ ಕೋರ್ಟಿಗೆ ಹೋದರು, ಆ ವಿಚಾರಣೆ ನಡೆದದ್ದೂ ಅದೇ ಕಟ್ಟಡದೊಳಗೆ. ಅವತ್ತು ಅದನ್ನು ಕಳೆದುಕೊಂಡಿದ್ದರೆ ಅಂಥದ್ದೇ ಇನ್ನೊಂದು ಕಟ್ಟಲು ಇವತ್ತು ಯಾವ ಎಸ್ಟಿಮೇಟೂ ಸಾಲುತ್ತಿರಲಿಲ್ಲ. ನಿಮ್ಮ ಬೀದಿಯ ಕಟ್ಟಡ ಅಷ್ಟು ದೊಡ್ಡದಲ್ಲದಿರಬಹುದು. ಆದರೆ ಆ ದಪ್ಪ ಗೋಡೆ, ಆ ಎತ್ತರದ ಸೂರು, ಫ್ಯಾನ್ ಇಲ್ಲದೆಯೂ ಏಪ್ರಿಲ್‌ನಲ್ಲಿ ಕೂರಬಹುದಾದ ಆ ತಂಪು, ಇವೆಲ್ಲ ನೀವು ಆಗಲೇ ದುಡ್ಡು ಕೊಟ್ಟು ಪಡೆದಿರುವ ಆಸ್ತಿ.

ದುಂದುವೆಚ್ಚ ಅನ್ನುವವರ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಕಟ್ಟಡದ ಖರ್ಚಿನ ಬಗ್ಗೆ ಲೆಕ್ಕ ಕೇಳುವುದು ಈ ಊರಿಗೆ ಹೊಸದಲ್ಲ. ವಿಧಾನಸೌಧಕ್ಕೆ 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಇದ್ದದ್ದು ಕೆ.ಸಿ. ರೆಡ್ಡಿಯವರ ಕಾಲದ ಸಾದಾ ಯೋಜನೆ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದ ಮೇಲೆ ನಕ್ಷೆ ಬದಲಾಯಿತು, ಕಟ್ಟಡ ದೊಡ್ಡದಾಯಿತು, ಖರ್ಚೂ ಬೆಳೆಯಿತು. 1956ರಲ್ಲಿ ಮುಗಿಯುವ ಹೊತ್ತಿಗೆ ಅದು ಎರಡು ಕೋಟಿಗೆ ಸ್ವಲ್ಪ ಕಡಿಮೆ ಇತ್ತು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಟೀಕೆ ಬಂತು, ತನಿಖೆಯೂ ನಡೆಯಿತು. ಇವತ್ತು ವಿಧಾನಸೌಧ ಬೇಡವಾಗಿತ್ತು ಅನ್ನುವವರು ಸಿಗುವುದು ಕಷ್ಟ. ಹಾಗಂತ ಅವತ್ತು ಲೆಕ್ಕ ಕೇಳಿದವರು ತಪ್ಪು ಮಾಡಿದರು ಅಂತ ನನಗನ್ನಿಸುವುದಿಲ್ಲ. ಸಾರ್ವಜನಿಕರ ದುಡ್ಡು, ಕೇಳಲೇಬೇಕು.

ಗುಂಡಿ ಮುಚ್ಚೋಕೆ ಇಲ್ಲದ ದುಡ್ಡು ಇಲ್ಲಿಗೆ ಹೇಗೆ ಬಂತು ಅಂದರೆ, ಎರಡೂ ಬೇರೆ ಬೇರೆ ಡಬ್ಬಿಗಳ ದುಡ್ಡು. ರಾಜ್ಯದ ಬಜೆಟ್‌ನಲ್ಲಿ ಸರ್ಕಾರಿ ಕಟ್ಟಡಗಳ ನಿರ್ವಹಣೆ 2059 ಅನ್ನುವ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ, ಕಟ್ಟಡಗಳ ಬಂಡವಾಳ ವೆಚ್ಚ 4059ರಲ್ಲಿ. ರಾಜ್ಯದ ರಸ್ತೆ, ಸೇತುವೆಗಳದ್ದು 3054 ಮತ್ತು 5054. ನಿಮ್ಮ ಬೀದಿಯ ಗುಂಡಿಯಂತೂ ನಗರ ಪಾಲಿಕೆಯ ಬಜೆಟ್‌ಗೆ ಸೇರಿದ್ದು. ಹಾಗಾಗಿ ಈ ನವೀಕರಣ ನಿಂತ ಮಾತ್ರಕ್ಕೆ ನಿಮ್ಮ ರಸ್ತೆಗೆ ಡಾಂಬರು ಬರುವುದಿಲ್ಲ. ಅದೇ ಶೀರ್ಷಿಕೆಯಲ್ಲಿ ಇನ್ನೊಂದು ಕಟ್ಟಡಕ್ಕೆ ಹೋಗುತ್ತದೆ. ಗುಂಡಿಯ ಜಗಳ ಬಜೆಟ್ ತಯಾರಾಗುವಾಗ ಆಡಬೇಕಾದದ್ದು. ಅದನ್ನೂ ಬಿಡಬೇಡಿ, ಆದರೆ ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಕೆಲವು ಖರ್ಚುಗಳನ್ನು ಯಾರೂ ವಿರೋಧಿಸಬಾರದು. ರ‍್ಯಾಂಪ್, ಕೈಹಿಡಿ, ಗಾಲಿಕುರ್ಚಿ ಹೋಗುವಷ್ಟು ಅಗಲದ ಶೌಚಾಲಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೇ ಸಾರ್ವಜನಿಕ ಕಟ್ಟಡಗಳಿಗೂ ಇದನ್ನು ಕಡ್ಡಾಯ ಮಾಡಿದೆ. ನಿಯಮ ಬಂದ ಐದು ವರ್ಷದೊಳಗೆ ಮುಗಿಸಬೇಕಿತ್ತು. ನಿಯಮ ಬಂದದ್ದು 2017ರಲ್ಲಿ. ಒಂದು ಸಹಿಗಾಗಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗನ ಭುಜ ಹಿಡಿದು ಕಲ್ಲಿನ ಮೆಟ್ಟಿಲು ಹತ್ತುವುದನ್ನು ನಾನೇ ನೋಡಿದ್ದೇನೆ. ಒಂಬತ್ತು ಮೆಟ್ಟಿಲು, ಮೂರು ಸಲ ಕೂತು ಎದ್ದರು. ಅಂಥ ಕಡೆ ರ‍್ಯಾಂಪ್‌ಗೆ ಹಾಕಿದ ಒಂದು ರೂಪಾಯಿಯೂ ದಂಡವಲ್ಲ. ಹಳೇ ವೈರಿಂಗ್ ಬದಲಾಯಿಸುವುದು, ಬೆಂಕಿ ಆರಿಸುವ ವ್ಯವಸ್ಥೆ, ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ಕೂಡ ಹಾಗೇ. 2023ರ ಆಗಸ್ಟ್‌ನಲ್ಲಿ ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪ್ರಯೋಗಾಲಯದಲ್ಲಿ ಬೆಂಕಿ ಬಿದ್ದು ಕೆಲಸದಲ್ಲಿದ್ದವರು ಸುಟ್ಟುಕೊಂಡದ್ದನ್ನು ಮರೆಯುವ ಹಾಗಿಲ್ಲ.

ಅದೇ ಪಟ್ಟಿಯಲ್ಲಿ ‘ಒಳಾಂಗಣ ಮಾರ್ಪಾಡು’ ಅಂತ ಬರುವ ಸಾಲುಗಳನ್ನು ಬಿಡಿಸಿ ಕೇಳಿ. ಹೊಸ ಅಧಿಕಾರಿ ಬಂದಾಗ ಗೋಡೆ ಒಡೆಯುವುದು, ವಾಸ್ತು ಅಂತ ಬಾಗಿಲು ಬದಲಾಯಿಸುವುದು, ಇದಕ್ಕೆಲ್ಲ ಹೆಸರು ಅದೇ. ವಿಧಾನಸೌಧದ ಮುಖ್ಯಮಂತ್ರಿ ಕೊಠಡಿಯಲ್ಲಿ ವಾಸ್ತು ಕಾರಣಕ್ಕೆ ಮುಚ್ಚಿದ್ದ ಬಾಗಿಲನ್ನು 2023ರಲ್ಲಿ ಸಿದ್ದರಾಮಯ್ಯ ತೆಗೆಸಿದ್ದು ಸುದ್ದಿಯಾಗಿತ್ತು. ಸಣ್ಣ ಕಚೇರಿಗಳಲ್ಲಿ ಇಂಥವು ಸುದ್ದಿಯೇ ಆಗುವುದಿಲ್ಲ.

ಈಗ ಕಾಗದಗಳನ್ನು ತರಿಸುವ ದಾರಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇಲ್ಲೇ ಬಹಳ ಜನ ಎಡವುತ್ತಾರೆ. ಎಲ್ಲವನ್ನೂ ಒಂದರಲ್ಲೇ ಕೇಳಿ ವಾಪಸ್ ಬರಿಸಿಕೊಳ್ಳುತ್ತಾರೆ. ಸಂಘದ ಹೆಸರಲ್ಲೂ ಹಾಕಬೇಡಿ. ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ನಾಲ್ಕು ಜನ ಸದಸ್ಯರು ತಮ್ಮ ತಮ್ಮ ಹೆಸರಲ್ಲಿ ನಾಲ್ಕು ಅರ್ಜಿ ಹಾಕಲಿ. ಒಬ್ಬರು ಕಟ್ಟಡದ ಸ್ಥಿತಿ ವರದಿ ಮತ್ತು ಪರೀಕ್ಷೆಗಳ ಫಲಿತಾಂಶ ಕೇಳಲಿ. ಇನ್ನೊಬ್ಬರು ತಾಂತ್ರಿಕ ಮಂಜೂರಾತಿ (ಇಲಾಖೆಯ ಇಂಜಿನಿಯರ್ ಒಪ್ಪಿಗೆ) ಆದ ವಿವರವಾದ ಎಸ್ಟಿಮೇಟ್. ಮೂರನೆಯವರು ಟೆಂಡರ್ ಮತ್ತು ಒಪ್ಪಂದದ ಪ್ರತಿ. ನಾಲ್ಕನೆಯವರು ಕೆಲಸ ಶುರುವಾದ ಮೇಲೆ ಅಳತೆ ಪುಸ್ತಕದ ಪುಟಗಳು. ಎಂ.ಬಿ. ಅಂತ ಕೇಳಿದರೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಎಷ್ಟು ಚದರ ಮೀಟರ್ ಪ್ಲಾಸ್ಟರ್ ಮಾಡಿದರು, ಯಾವತ್ತು ಅಳೆದರು ಅನ್ನುವುದೆಲ್ಲ ಅದರಲ್ಲಿರುತ್ತದೆ. ಬಿಲ್ ಪಾಸಾಗುವುದು ಅದರ ಮೇಲೇ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ.

ಟೆಂಡರ್ ಕಾಗದ ಬಂದಾಗ ಎರಡು ಕಡೆ ಬೆರಳಿಡಿ. ಒಂದು, 4.5 ಕೋಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ತುಂಡು ಗುತ್ತಿಗೆ ಕೊಟ್ಟಿದ್ದಾರಾ, ಅಥವಾ ಸರ್ಕಾರಿ ಕೆಲಸಕ್ಕೆ ಟೆಂಡರ್ ಕರೆಯಬೇಕು ಅನ್ನುವ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಪಡೆದು ಟೆಂಡರೇ ಇಲ್ಲದೆ ಕೊಟ್ಟಿದ್ದಾರಾ ಅಂತ. ವಿನಾಯಿತಿ ಕೊಡಲು ಕಾರಣ ಬರೆದಿರಬೇಕು, ಆ ಕಾರಣ ಓದಿ. ಇನ್ನೊಂದು, ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ, ಅಂದರೆ ಎಸ್‌ಆರ್‌ನಲ್ಲಿ ಇಲ್ಲದ ಐಟಂಗಳು ಎಷ್ಟಿವೆ ಅಂತ. ಎಸ್‌ಆರ್‌ನಲ್ಲಿ ಇರುವುದಕ್ಕೆ ದರ ಎಲ್ಲರಿಗೂ ಗೊತ್ತು, ಆಟ ಆಡುವುದು ಕಷ್ಟ. ಇಲ್ಲದ್ದಕ್ಕೆ ಕೊಟೇಶನ್ ತರಿಸಿ ದರ ಕಟ್ಟುತ್ತಾರೆ. ಅಲಂಕಾರದ ಐಟಂಗಳು ಹೆಚ್ಚಾಗಿ ಇಲ್ಲೇ ಸೇರಿಕೊಂಡಿರುತ್ತವೆ. ಸುಣ್ಣದ ಕೆಲಸದ ಐಟಂಗಳೂ ಇಲ್ಲೇ ಇರಬಹುದು, ಹಾಗಾಗಿ ಎಸ್‌ಆರ್ ಹೊರಗಿನದ್ದೆಲ್ಲ ಕಳ್ಳತನ ಅಂತ ತಿಳಿಯಬೇಡಿ. ದರ ಹೇಗೆ ಬಂತು ಅಂತ ಕೇಳಿ ಅಷ್ಟೆ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ, ನೀವು ಕೇಳಿ. ನವೀಕರಣ ಮುಗಿದ ಮೇಲೆ ವರ್ಷಕ್ಕೆ ಎರಡು ಸಲ ತಾರಸಿ ಗುಡಿಸುವವರು ಯಾರು? 2025ರಲ್ಲಿ ಬೆಂಗಳೂರಿಗೆ ಐದು ನಗರ ಪಾಲಿಕೆಗಳು ಬಂದಿವೆ. ಕಚೇರಿಗಳ ಜಾಗ, ಕೆಲಸದ ಹೊಣೆ ಎರಡೂ ಬದಲಾಗುತ್ತಿವೆ. ಇಂಥ ಹೊತ್ತಿನಲ್ಲಿ ಕಟ್ಟಡದ ಯಜಮಾನರು ಯಾವ ಇಲಾಖೆ, ನಿರ್ವಹಣೆ ಯಾವ ವಿಭಾಗದ್ದು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಎಷ್ಟು ಅಂತಲೂ ಒಪ್ಪಂದದಲ್ಲಿ ಇರುತ್ತದೆ. ಆ ಅವಧಿಯಲ್ಲಿ ಸೋರಿದರೆ ಅವರದೇ ಖರ್ಚಿನಲ್ಲಿ ಸರಿಮಾಡಿಸಬಹುದು. ಅವಧಿ ಮುಗಿದ ಮಾರನೇ ದಿನ ಹೇಳಿದರೆ ಮತ್ತೆ ನಿಮ್ಮ ದುಡ್ಡೇ.

ಮುಂದಿನ ವಾರದ ಸಭೆಯೊಳಗೆ ಈ ಕಾಗದ ಯಾವುದೂ ಬರುವುದಿಲ್ಲ. ಹಾಗಾಗಿ ತಡೆಯಿರಿ ಅಂತಲೋ ಕೆಡವಿ ಅಂತಲೋ ಠರಾವು ಮಾಡಬೇಡಿ. ನಾಲ್ಕು ಅರ್ಜಿಗೆ ಅಲ್ಲೇ ಸಹಿ ಹಾಕಿಸಿ. ಅಷ್ಟರಲ್ಲಿ ಒಂದು ಒಳ್ಳೇ ಮಳೆ ಬಂದರೆ, ಮಳೆ ಸುರಿಯುತ್ತಿರುವಾಗಲೇ ಕೊಡೆ ಹಿಡಿದು ಆ ಕಚೇರಿಯ ಸುತ್ತ ಒಂದು ಸುತ್ತು ಬನ್ನಿ. ತಾರಸಿಯಿಂದ ಇಳಿಯುವ ಪೈಪುಗಳನ್ನು ಎಣಿಸಿ. ಎಷ್ಟರಲ್ಲಿ ನೀರು ಬರುತ್ತಿದೆ, ಎಷ್ಟರಲ್ಲಿ ಹನಿಯೂ ಇಲ್ಲ ಅಂತ ಬರೆದುಕೊಳ್ಳಿ. ನೀರು ಬರದ ಪೈಪಿನ ಹಿಂದಿನ ಗೋಡೆಯ ಒಳಗಡೆ ಯಾವ ಕೋಣೆ ಇದೆ ಅಂತ ಮಾರನೇ ದಿನ ಹೋಗಿ ನೋಡಿ, ಫೋಟೋ ತೆಗೆದು ಸಭೆಗೆ ತನ್ನಿ.